ಮೈಕಿಲ್ಲದೆ ಹಲವು ಭಾಷೆಯ ಕವಿತೆ ಹಾಡುವ ತಂಡ: ಮಲೆನಾಡಿನಲ್ಲಿ ಕಟ್ಟುವ ಬಗೆ

ಶಿವಮೊಗ್ಗ ಜಿಲ್ಲೆಯಲ್ಲಿ ಹಾಡುವವರಿಗೆ ಕೊರತೆಯಿಲ್ಲ. ಸುಗಮ ಸಂಗೀತದ ತರಗತಿ, ಭಜನಾ ಮಂಡಳಿ, ಯಕ್ಷಗಾನದ ಹಿಮ್ಮೇಳ, ಕಾವ್ಯವನ್ನು ರಾಗವಾಗಿ ಓದುವ ಗಮಕ, ಕವ್ವಾಲಿ, ಚರ್ಚಿನ ಗಾಯನ ವೃಂದ ಹೀಗೆ ಒಂದಲ್ಲ ಒಂದು ಕಡೆ ಪಳಗಿದ ಕಂಠಗಳು ಎಲ್ಲ ತಾಲ್ಲೂಕುಗಳಲ್ಲೂ ಸಿಗುತ್ತವೆ. ಅಂಥ ಐದಾರು ಜನರನ್ನು ಒಂದೆಡೆ ಸೇರಿಸಿ, ವಿದ್ಯುತ್ ವಾದ್ಯಗಳನ್ನಾಗಲಿ ಧ್ವನಿವರ್ಧಕವನ್ನಾಗಲಿ ನೆಚ್ಚದೆ, ಕನ್ನಡದ ಜೊತೆಗೆ ನೆರೆಹೊರೆಯ ಭಾಷೆಗಳ ಕವಿತೆಗಳನ್ನೂ ಹಾಡುವ ತಂಡವೊಂದನ್ನು ಕಟ್ಟಬೇಕೆನ್ನುವವರಿಗಾಗಿ ಈ ಬರಹ. ಇಂಥ ತಂಡಗಳ ಕಾರ್ಯಕ್ರಮ ಸಪ್ಪೆಯಾಗುವುದಕ್ಕೆ ದೊಡ್ಡ ಕಾರಣವೆಂದರೆ, ಉರ್ದು ಗಜಲ್ ಇರಲಿ, ಕೊಂಕಣಿ ಪದ್ಯವಿರಲಿ, ಅಲ್ಲಮನ ವಚನವಿರಲಿ, ಎಲ್ಲವನ್ನೂ ಭಾವಗೀತೆಯ ಒಂದೇ ಧಾಟಿಗೆ, ಒಂದೇ ಕೆಹರವಾ ತಾಳಕ್ಕೆ ಇಳಿಸಿಬಿಡುವುದು. ಪ್ರತಿ ಕವಿತೆಗೂ ಅದರ ಭಾಷೆ ಕೊಟ್ಟ ಒಂದು ನಡೆ ಇರುತ್ತದೆ. ರಾಗ, ತಾಳ, ವಾದ್ಯ, ಹಿಮ್ಮೇಳಗಳನ್ನೆಲ್ಲ ಆ ನಡೆಯನ್ನು ಅರಿತ ಮೇಲೆ ನಿರ್ಧರಿಸಬೇಕು.

ಭಾಷೆಗಳ ಆಯ್ಕೆ

ಭಾಷೆಗಳನ್ನು ಎಣಿಕೆಗಾಗಿ ಕೂಡಿಹಾಕಬಾರದು. ತಂಡದಲ್ಲಿ ಯಾರಾದರೊಬ್ಬರು ಮನೆಯಲ್ಲಿ ಆಡುವ ಭಾಷೆ, ಅಥವಾ ಉಚ್ಚಾರಣೆ ತಿದ್ದಲು ವಾರಕ್ಕೊಮ್ಮೆ ಬಂದು ಕೂರಬಲ್ಲ ನೆರೆಯವರ ಭಾಷೆ, ಈ ಎರಡು ಬಗೆಯವನ್ನು ಬಿಟ್ಟು ಬೇರೆ ಭಾಷೆಗೆ ಮೊದಲ ವರ್ಷ ಕೈಹಾಕದಿರುವುದು ಒಳ್ಳೆಯದು. ಈ ಮಿತಿಯಲ್ಲಿಯೂ ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟು ಸಾಮಗ್ರಿಯಿದೆ. ಶಿವಮೊಗ್ಗ ಪೇಟೆಯಲ್ಲಿ ಉರ್ದು ಮನೆಮಾತು. ಸಾಗರ, ತೀರ್ಥಹಳ್ಳಿಗಳಲ್ಲಿ ಕೊಂಕಣಿ. ಘಟ್ಟದಂಚಿನ ಊರುಗಳಲ್ಲಿ ತುಳು. ಶಿಕಾರಿಪುರದ ಕಡೆಯ ತಾಂಡಾಗಳಲ್ಲಿ ಲಂಬಾಣಿ. ಕಾರ್ಖಾನೆಗಳ ಕಾಲದಲ್ಲಿ ಬಂದು ನೆಲೆಸಿದ ಕುಟುಂಬಗಳಿಂದಾಗಿ ಭದ್ರಾವತಿಯಲ್ಲಿ ತಮಿಳು, ತೆಲುಗು. ತುಂಗೆಯ ಎರಡು ದಡಗಳಲ್ಲಿರುವ ಮತ್ತೂರು, ಹೊಸಹಳ್ಳಿಗಳಲ್ಲಿ ಸಂಕೇತಿ. ಕನ್ನಡದೊಳಗೇ ಹವ್ಯಕರ ಮಾತು, ದೀವರ ಮಾತು ಎಂಬ ಬೇರೆ ಬೇರೆ ರುಚಿಗಳಿವೆ. ಇವುಗಳಲ್ಲಿ ಮೂರನ್ನು ಆರಿಸಿಕೊಂಡರೆ ಮೊದಲ ಕಾರ್ಯಕ್ರಮಕ್ಕೆ ಸಾಕು.

ಸಾಹಿತ್ಯವನ್ನು ಎಲ್ಲರಿಗೂ ಕನ್ನಡ ಲಿಪಿಯಲ್ಲಿ ಬರೆದುಕೊಡಬೇಕು. ಲಂಬಾಣಿಗೂ ಸಂಕೇತಿಗೂ ಸ್ವಂತ ಲಿಪಿಯಿಲ್ಲ; ಕೊಂಕಣಿ ಹಾಗೂ ತುಳುವನ್ನು ನಮ್ಮಲ್ಲಿ ಕನ್ನಡ ಲಿಪಿಯಲ್ಲೇ ಓದಿ ರೂಢಿ. ಆದರೆ ಕನ್ನಡದಲ್ಲಿಲ್ಲದ ಧ್ವನಿಗಳಿಗೆ ಗುರುತು ಮಾಡಿಕೊಳ್ಳದಿದ್ದರೆ ಬರಹವೇ ದಾರಿ ತಪ್ಪಿಸುತ್ತದೆ. ಉರ್ದುವಿನ ಜ಼, ಫ಼, ಖ಼, ಗ಼ಗಳಿಗೆ ಅಡಿಯಲ್ಲಿ ಚುಕ್ಕಿ, ಕೊಂಕಣಿಯ ಅನುನಾಸಿಕ ಸ್ವರಗಳಿಗೆ ಮೇಲೊಂದು ಗುರುತು, ತುಳುವಿನಲ್ಲಿ ಪದದ ಕೊನೆಗೆ ಬರುವ ಅರೆ ಉಕಾರಕ್ಕೆ ಮತ್ತೊಂದು, ಹೀಗೆ ಮೊದಲ ದಿನವೇ ತಂಡದೊಳಗೆ ಒಪ್ಪಂದವಾಗಬೇಕು. ಬರಹಕ್ಕಿಂತ ಮುಖ್ಯವಾದ ಕೆಲಸವೊಂದಿದೆ: ಆ ಭಾಷೆಯವರು ಕವಿತೆಯನ್ನು ಹಾಡದೆ, ಸಹಜವಾಗಿ ಓದುವುದನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡು, ಉಳಿದವರು ಅದನ್ನು ಬಾಯಿಪಾಠವಾಗುವವರೆಗೆ ಕೇಳಬೇಕು. ರಾಗ ಹಾಕುವುದು ಆಮೇಲಿನ ಮಾತು.

ಛಂದಸ್ಸಿನಿಂದ ತಾಳಕ್ಕೆ

ಇಡೀ ಕೆಲಸದಲ್ಲಿ ಹೆಚ್ಚು ಸಮಯ ಬೇಡುವ ಭಾಗ ಇದು. ಮಲೆನಾಡಿನವರಿಗೆ ಇದರಲ್ಲಿ ಒಂದು ಅನುಕೂಲವೂ ಇದೆ, ಏಕೆಂದರೆ ಛಂದಸ್ಸನ್ನು ಕಿವಿಯಿಂದಲೇ ಕಲಿಸುವ ಗಮಕ ಕಲೆ ಇಲ್ಲಿ ಇನ್ನೂ ಬದುಕಿದೆ. ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಸಂದಿತು; ಅವರ ಪರಂಪರೆಯ ವಾಚನವನ್ನು ಒಂದು ಸಂಜೆ ಎದುರು ಕುಳಿತು ಕೇಳಿದರೂ, ಪದ ಒಡೆಯದಂತೆ ರಾಗವನ್ನು ಹೇಗೆ ಹರಿಸಬೇಕೆಂಬುದು ತಿಳಿಯುತ್ತದೆ. ಗಮಕದಲ್ಲಿ ತಾಳವಿಲ್ಲ, ಆದರೆ ಮಾತ್ರೆಯ (ಲಘು ಅಕ್ಷರಕ್ಕೆ ಒಂದು, ಗುರು ಅಕ್ಷರಕ್ಕೆ ಎರಡು) ಲೆಕ್ಕ ಒಳಗೇ ಇರುತ್ತದೆ. ತಂಡ ಮಾಡಬೇಕಾದದ್ದು ಆ ಒಳಗಿನ ಲೆಕ್ಕವನ್ನು ಕೈಗೆ ತರುವುದಷ್ಟೇ.

ಕುಮಾರವ್ಯಾಸನ ಭಾಮಿನಿ ಷಟ್ಪದಿಯನ್ನು ತೆಗೆದುಕೊಳ್ಳೋಣ. ಅದರ 1, 2, 4, 5ನೆಯ ಸಾಲುಗಳು 3, 4, 3, 4 ಎಂಬ ಗಣಗಳಲ್ಲಿ 14 ಮಾತ್ರೆಗಳಾಗಿ ನಡೆಯುತ್ತವೆ. ಹಿಂದೂಸ್ತಾನಿಯ ದೀಪಚಂದಿ ತಾಳದ ವಿಭಾಗಗಳೂ ಸರಿಯಾಗಿ 3, 4, 3, 4. ಕರ್ನಾಟಕ ಪದ್ಧತಿಯವರಿಗೆ ಏಳು ಎಣಿಕೆಯ ಮಿಶ್ರಛಾಪು ಸಾಕು. 3 ಮತ್ತು 6ನೆಯ ಸಾಲುಗಳಲ್ಲಿ 21 ಮಾತ್ರೆಗಳ ಮೇಲೆ ಒಂದು ಗುರು ಬಂದು 23 ಆಗುತ್ತದೆ. ತಾಳದ ಎರಡು ಆವರ್ತನ ಅಂದರೆ ಸುತ್ತುಗಳಿಗೆ 28 ಬೇಕಾದ್ದರಿಂದ, ಕೊನೆಯ ಗುರುವಿನ ಮೇಲೆ ನಿಂತು ಉಳಿದ 5 ಮಾತ್ರೆಗಳನ್ನು ಕೊಳಲಿಗೋ ಪಿಟೀಲಿಗೋ ಬಿಟ್ಟುಕೊಡಬಹುದು. ಆ ವಿರಾಮವನ್ನು ಛಂದಸ್ಸೇ ಇಟ್ಟಿರುವುದರಿಂದ ಅಲ್ಲಿ ವಾದ್ಯ ಬಂದರೆ ತುರುಕಿದಂತೆ ಕೇಳುವುದಿಲ್ಲ.

ಲಕ್ಷ್ಮೀಶನ ವಾರ್ಧಕ ಷಟ್ಪದಿಯ ನಡೆ ಐದರದು. ಅದರ ಚಿಕ್ಕ ಸಾಲುಗಳಲ್ಲಿ ಐದು ಮಾತ್ರೆಯ ನಾಲ್ಕು ಗಣಗಳು, ಅಂದರೆ 20 ಮಾತ್ರೆಗಳು. ಉರ್ದುವಿನಲ್ಲಿ ಮುತಕಾರಿಬ್ ಎಂಬ ಬಹರ್, ಅಂದರೆ ಛಂದಸ್ಸಿನ ಮಟ್ಟು, ಇದೆ. ಒಂದು ಲಘು, ಎರಡು ಗುರು ಎಂಬ ಗಣ ಒಂದು ಸಾಲಿನಲ್ಲಿ ನಾಲ್ಕು ಸಲ ಬರುವುದು ಅದರ ಪೂರ್ಣರೂಪ. ಸಂಸ್ಕೃತ ಬಲ್ಲವರು ಇದನ್ನು ಭುಜಂಗಪ್ರಯಾತವೆಂದು ಕೂಡಲೇ ಗುರುತಿಸುತ್ತಾರೆ. ಅಲ್ಲಿಯೂ ಐದು ಮಾತ್ರೆಗಳ ನಾಲ್ಕು ಗಣ, ಅಲ್ಲಿಯೂ 20. ಹೀಗಾಗಿ ವಾರ್ಧಕದ ಒಂದು ಪದ್ಯವನ್ನೂ ಮುತಕಾರಿಬ್‌ನ ಒಂದು ಗಜಲನ್ನೂ ಹತ್ತು ಮಾತ್ರೆಯ ಝಪತಾಳದಲ್ಲಿ ಅಥವಾ ಐದು ಎಣಿಕೆಯ ಖಂಡಛಾಪುವಿನಲ್ಲಿ ಲಯ ಮುರಿಯದೆ ಒಂದರಿಂದ ಒಂದಕ್ಕೆ ದಾಟಿಸಬಹುದು. ಬಹುಭಾಷಾ ಗಾಯನಕ್ಕೆ ಇದಕ್ಕಿಂತ ಗಟ್ಟಿಯಾದ ಸೇತುವೆ ನನಗೆ ಕಂಡಿಲ್ಲ. ಎರಡು ಕವಿತೆಗಳ ವಿಷಯ ಒಂದೇ ಎಂಬ ಕಾರಣಕ್ಕೆ ಅವುಗಳನ್ನು ಪಕ್ಕದಲ್ಲಿಡುವುದಕ್ಕಿಂತ, ನಡೆ ಒಂದೇ ಎಂಬ ಕಾರಣಕ್ಕೆ ಇಡುವುದು ಕಿವಿಗೆ ಹೆಚ್ಚು ಒಪ್ಪುತ್ತದೆ.

ಉರ್ದುವಿನಲ್ಲಿ ಕನ್ನಡಿಗರು ಸಾಮಾನ್ಯವಾಗಿ ಎಡವುವುದು ಪದಾಂತ್ಯದ ದೀರ್ಘಗಳಲ್ಲಿ. ಕೀ, ಸೇ, ಕೋ ಮುಂತಾದವು ಬರಹದಲ್ಲಿ ದೀರ್ಘವಾಗಿದ್ದರೂ ಬಹರ್ ಕೇಳಿದ ಕಡೆ ಹ್ರಸ್ವವಾಗಿ ಓದಿಸಿಕೊಳ್ಳುತ್ತವೆ. ನಾವು ಅಭ್ಯಾಸಬಲದಿಂದ ಅವನ್ನು ಎಳೆದರೆ ಸಾಲು ತಾಳದಾಚೆ ಚೆಲ್ಲುತ್ತದೆ, ಆಗ ತಪ್ಪು ತಬಲದವರದೆಂದು ತೋರುತ್ತದೆ.

ಪ್ರಾಸದ ಜಾಗವನ್ನೂ ಗಮನಿಸಬೇಕು. ಷಟ್ಪದಿಯಲ್ಲಿ ಪ್ರಾಸವು ಸಾಲಿನ ಮೊದಲಲ್ಲಿ, ಎರಡನೆಯ ಅಕ್ಷರದಲ್ಲಿದೆ. ಗಜಲಿನಲ್ಲಿ ಕಾಫಿಯಾ (ಪ್ರಾಸಪದ) ಮತ್ತು ರದೀಫ್ (ಅದರ ಬೆನ್ನಿಗೆ ಮರುಕಳಿಸುವ ಪದ) ಸಾಲಿನ ಕೊನೆಗೆ ಬರುತ್ತವೆ. ಹಿಮ್ಮೇಳ ಎಲ್ಲಿ ಸೇರಿಕೊಳ್ಳಬೇಕೆಂಬ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ. ಷಟ್ಪದಿಯನ್ನು ಹಾಡುವಾಗ ಎಲ್ಲರೂ ಸಾಲಿನ ಎತ್ತುಗಡೆಯಲ್ಲಿ ಕೂಡಿ, ಉಳಿದದ್ದನ್ನು ಮುಖ್ಯ ಗಾಯಕರಿಗೆ ಬಿಡಬೇಕು. ಗಜಲಿನ ಶೇರಿನಲ್ಲಿ, ಅಂದರೆ ದ್ವಿಪದಿಯಲ್ಲಿ, ಮೊದಲ ಸಾಲನ್ನು ಒಬ್ಬರೇ ಎರಡು ಸಲ ಹಾಡಿ ಕುತೂಹಲ ಹುಟ್ಟಿಸಿ, ಎರಡನೆಯ ಸಾಲಿನ ರದೀಫ್ ಬರುವಾಗ ಮಾತ್ರ ಎಲ್ಲರೂ ದನಿಗೂಡಿಸಬೇಕು. ಎಲ್ಲ ಸಾಲುಗಳನ್ನೂ ಎಲ್ಲರೂ ಹಾಡುವ ಶಾಲಾ ಪ್ರಾರ್ಥನೆಯ ಕ್ರಮ ಈ ಎರಡಕ್ಕೂ ಹೊಂದುವುದಿಲ್ಲ.

ವಚನಗಳಿಗೆ ಇಂಥ ಯಾವ ಲೆಕ್ಕವೂ ನಡೆಯದು. ಬಳ್ಳಿಗಾವೆಯ ಅಲ್ಲಮನೂ ಉಡುತಡಿಯ ಅಕ್ಕಮಹಾದೇವಿಯೂ ಇಂದಿನ ಶಿಕಾರಿಪುರ ತಾಲ್ಲೂಕಿನವರಾದ್ದರಿಂದ ಇಲ್ಲಿನ ತಂಡವೊಂದು ವಚನವನ್ನು ಬಿಟ್ಟು ಮುಂದೆ ಹೋಗುವುದು ಕಷ್ಟ. ಸಾಲುಗಳು ಒಂದು ಗಿಡ್ಡ, ಒಂದು ಉದ್ದ. ಅವನ್ನು ಸಮಮಾಡಲು ನಡುವೆ ಅಯ್ಯಾ ಎಂದೋ ಕೇಳಾ ಎಂದೋ ಸೇರಿಸುವುದು ಪಠ್ಯಕ್ಕೆ ಮಾಡುವ ಅನ್ಯಾಯ. ಇದಕ್ಕೊಂದು ಉಪಾಯವೆಂದರೆ ವಚನದ ಒಡಲನ್ನು ತಾಳವಿಲ್ಲದೆ, ಗಮಕದಂತೆ ತಂಬೂರಿಯ ಶ್ರುತಿಯ ಮೇಲೆ ಹೇಳುತ್ತ ಹೋಗಿ, ಅಂಕಿತ ಬಂದಾಗ ತಾಳಕ್ಕೆ ಇಳಿಯುವುದು. ‘ಗುಹೇಶ್ವರ’ ಎಂಬುದು 5 ಮಾತ್ರೆ, ‘ಚೆನ್ನಮಲ್ಲಿಕಾರ್ಜುನ’ ಎಂಬುದು 10 ಮಾತ್ರೆ. ಅಲ್ಲಮನ ಅಂಕಿತ ಝಪತಾಳದ ಅರ್ಧ ಆವರ್ತನವನ್ನೂ ಅಕ್ಕನ ಅಂಕಿತ ಪೂರ್ಣ ಆವರ್ತನವನ್ನೂ ತುಂಬುತ್ತವೆ, ಆದ್ದರಿಂದ ಮೇಲೆ ಹೇಳಿದ ವಾರ್ಧಕ ಮತ್ತು ಗಜಲಿನ ಜೋಡಿಯ ನಡುವೆ ಒಂದು ವಚನವನ್ನು ಇಟ್ಟರೂ ಲಯದ ಎಳೆ ತುಂಡಾಗುವುದಿಲ್ಲ.

ಜನಪದ ತ್ರಿಪದಿಗೆ ಮಾತ್ರೆ ಎಣಿಸಲು ಹೋಗಬಾರದು. ಅದು ಅಂಶಗಣದ ಪದ್ಯ. ಹಾಡುವಾಗ ಅಕ್ಷರ ಹಿಗ್ಗುತ್ತದೆ, ಕುಗ್ಗುತ್ತದೆ. ಸೋಬಾನೆ ಹಾಡುವ ಹೆಂಗಸರ ಬಾಯಿಂದಲೇ ಅದನ್ನು ಕಲಿಯಬೇಕು. ದೀಪಾವಳಿಯಲ್ಲಿ ದೀಪ ಹಿಡಿದು ಮನೆಮನೆಗೆ ಬರುವ ಅಂಟಿಗೆ ಪಂಟಿಗೆಯವರು ಯಾವ ವಾದ್ಯವೂ ಇಲ್ಲದೆ ರಾತ್ರಿಯಿಡೀ ಹಾಡಬಲ್ಲರೆಂದರೆ, ಮುಮ್ಮೇಳ ಹೇಳಿದ್ದನ್ನು ಹಿಮ್ಮೇಳ ಎತ್ತಿಕೊಳ್ಳುವಷ್ಟರಲ್ಲಿ ಮೊದಲಿನವರಿಗೆ ಉಸಿರು ಸಿಗುತ್ತದೆ ಎಂಬುದೇ ಕಾರಣ. ಮೈಕಿಲ್ಲದ ತಂಡಕ್ಕೆ ಈ ಕ್ರಮ ಅತ್ಯಂತ ಉಪಯುಕ್ತ. ಆದರೆ ಆ ಹಾಡುಗಳಿಗೂ ತುಳುವಿನ ಕಥನಗೀತೆಗಳಾದ ಪಾಡ್ದನಗಳಿಗೂ ಹಬ್ಬದ, ಆಚರಣೆಯ ಸಂಬಂಧವಿದೆ. ಹಾಡುವ ಕುಟುಂಬಗಳ ಹಿರಿಯರನ್ನು ಕೇಳದೆ ವೇದಿಕೆಗೆ ತರುವುದು ಸರಿಯಲ್ಲ, ಅವರು ಬೇಡವೆಂದರೆ ಅದನ್ನು ಒಪ್ಪಬೇಕು.

ಶ್ರುತಿ

ಗಂಡಸರೂ ಹೆಂಗಸರೂ ಕೂಡಿ ಹಾಡುವ ತಂಡದಲ್ಲಿ ಮೊದಲ ಜಗಳ ಶ್ರುತಿಯದು. ಗಂಡಸರಿಗೆ ಕಪ್ಪು ಒಂದು (ಹಾರ್ಮೋನಿಯಂನ ಮೊದಲ ಕಪ್ಪು ಮನೆಯ ಶ್ರುತಿ) ಹಿತವಾದರೆ ಹೆಂಗಸರು ಅದರಲ್ಲಿ ಮಂದ್ರಕ್ಕೆ ಇಳಿದು ದನಿ ಕಳೆದುಕೊಳ್ಳುತ್ತಾರೆ ಅಥವಾ ತಾರದಲ್ಲಿ ಕಿರುಚುತ್ತಾರೆ. ಮೈಕ್ ಇದ್ದರೆ ಮಂದ್ರದ ದನಿಯನ್ನು ಹಿಗ್ಗಿಸಬಹುದು. ಇಲ್ಲಿ ಆ ದಾರಿಯಿಲ್ಲ. ತಂಬೂರಿಯನ್ನು ಕಪ್ಪು ಒಂದು ಮತ್ತು ಕಪ್ಪು ನಾಲ್ಕಕ್ಕೆ ಕೂಡಿಸಿಕೊಂಡರೆ ಸಮಸ್ಯೆ ಬಹುಮಟ್ಟಿಗೆ ಬಗೆಹರಿಯುತ್ತದೆ. ಗಂಡಸರಿಗೆ ಅದು ಷಡ್ಜ, ಪಂಚಮ. ಕಪ್ಪು ನಾಲ್ಕನ್ನು ಷಡ್ಜ ಮಾಡಿಕೊಂಡು ಹಾಡುವ ಹೆಂಗಸರಿಗೆ ಅದೇ ತಂಬೂರಿ ಷಡ್ಜ, ಮಧ್ಯಮವಾಗಿ ಕೇಳುತ್ತದೆ. ವಾದ್ಯ ಮುಟ್ಟದೆ ಶ್ರುತಿ ಬದಲಾಗುವುದರಿಂದ ಕವಿತೆಯಿಂದ ಕವಿತೆಗೆ ದಾಟುವಾಗ ನಡುವೆ ಮೌನ ಬೀಳುವುದಿಲ್ಲ. ಒಂದೇ ಷರತ್ತು: ಹೆಂಗಸರ ಹಾಡಿಗೆ ಶುದ್ಧ ಮಧ್ಯಮ ಎದ್ದು ನಿಲ್ಲುವ ಮಾಲಕೌಂಸ್, ಬಾಗೇಶ್ರೀಯಂಥ ರಾಗಗಳನ್ನು ಆರಿಸಬೇಕು. ಯಮನ್ ಹಾಡಿದರೆ ತೀವ್ರ ಮಧ್ಯಮಕ್ಕೂ ತಂಬೂರಿಗೂ ಕೂಡಲೇ ಘರ್ಷಣೆಯಾಗುತ್ತದೆ.

ಗಿಟಾರಿನವರು ಮೊದಲ ಫ್ರೆಟ್ಟಿಗೆ ತಂತಿಗಳನ್ನು ಒತ್ತಿಹಿಡಿಯುವ ಕೇಪೋ ಹಾಕಿದರೆ ಎರಡೂ ಶ್ರುತಿಗಳಿಗೆ ಅದೊಂದೇ ಸಾಕು. ಸಿ ಆಕಾರ ಹಿಡಿದರೆ ಕಪ್ಪು ಒಂದು, ಜಿ ಆಕಾರ ಹಿಡಿದರೆ ಕಪ್ಪು ನಾಲ್ಕು. ವಚನಕ್ಕೂ ಷಟ್ಪದಿಗೂ ಪೂರ್ಣ ಕಾರ್ಡ್ ಬಾರಿಸುವುದಕ್ಕಿಂತ ಷಡ್ಜ ಪಂಚಮಗಳನ್ನಷ್ಟೇ ಮೀಟುವುದು ರಾಗಕ್ಕೆ ಕ್ಷೇಮ. ಹಾರ್ಮೋನಿಯಂನ ಗಾಂಧಾರ ತಂಬೂರಿಯಿಂದ ಹೊಮ್ಮುವ ಸ್ವಯಂಭೂ ಗಾಂಧಾರಕ್ಕಿಂತ ಸುಮಾರು 14 ಸೆಂಟ್‌ನಷ್ಟು (ಅರ್ಧಸ್ವರದ ಅಂತರವನ್ನು ನೂರು ಪಾಲು ಮಾಡಿದರೆ ಒಂದು ಪಾಲು ಒಂದು ಸೆಂಟ್) ಏರಿರುತ್ತದೆ. ಹಾಡುಗಾರರು ಗಾಂಧಾರದ ಮೇಲೆ ದೀರ್ಘವಾಗಿ ನಿಂತಾಗ ಹಾರ್ಮೋನಿಯಂನವರು ಬೆರಳು ತೆಗೆದರೆ ಸಾಕು, ದನಿ ತಾನಾಗಿ ಶುದ್ಧವಾಗುತ್ತದೆ.

ವಾದ್ಯಗಳು ಮತ್ತು ಮಳೆಗಾಲ

ವಾದ್ಯ ಕಡಿಮೆಯಿದ್ದಷ್ಟೂ ಪದ ಸ್ಪಷ್ಟ. ಮೈಕಿಲ್ಲದ ಕೋಣೆಯಲ್ಲಿ ಹಾರ್ಮೋನಿಯಂನ ಎಲ್ಲ ಸ್ಟಾಪುಗಳನ್ನೂ ತೆರೆದು ನುಡಿಸಿದರೆ ಕವಿತೆ ಕೇಳದು. ಒಂದೇ ಸಾಲಿನ ರೀಡುಗಳು ಸಾಕು. ಚಂಡೆ, ಡೊಳ್ಳುಗಳು ನಮ್ಮ ನೆಲದವೇ ಆದರೂ ಬಯಲಿಗಾಗಿ ಹುಟ್ಟಿದವು, ಒಳಾಂಗಣದಲ್ಲಿ ಕವಿತೆಯ ಪಕ್ಕ ಅವಕ್ಕೆ ಜಾಗವಿಲ್ಲ. ತಬಲ ಅಥವಾ ಮದ್ದಲೆ ಒಂದು, ಖಂಜಿರ ಅಥವಾ ದಮ್ಮಡಿ ಒಂದು, ಕೊಳಲು ಇಲ್ಲವೆ ಪಿಟೀಲು, ತಂಬೂರಿ, ಬೇಕಿದ್ದರೆ ಗಿಟಾರ್ ಎಂಬಲ್ಲಿಗೆ ನಿಲ್ಲಿಸುವುದು ಒಳ್ಳೆಯದು.

ಇವೆಲ್ಲಕ್ಕೂ ಮಲೆನಾಡಿನ ತೇವವೇ ಶತ್ರು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಶಿವಮೊಗ್ಗ ಪೇಟೆಯಲ್ಲಿ ಅಷ್ಟಿಲ್ಲದಿದ್ದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚರ್ಮವಾದ್ಯಗಳ ಶ್ರುತಿ ಇಳಿಯುತ್ತಲೇ ಇರುತ್ತದೆ. ದಮ್ಮಡಿಯನ್ನು ಕೆಂಡದ ಬಳಿ ಹಿಡಿದು ಕಾಯಿಸಬಹುದು, ಆದರೆ ತಬಲ ಮದ್ದಲೆಗಳನ್ನು ಹಾಗೆ ಕಾಯಿಸಿದರೆ ಚರ್ಮದ ಮೇಲಿನ ಕಪ್ಪು ಕರಣೆ ಬಿರುಕು ಬಿಡುತ್ತದೆ. ಅವನ್ನು ಬಟ್ಟೆಯಲ್ಲಿ ಸುತ್ತಿ, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು, ನುಡಿಸುವ ಹೊತ್ತಿಗೆ ಸಾಕಷ್ಟು ಮುಂಚೆ ಹೊರಗೆ ತೆಗೆದು ಸುತ್ತಿಗೆಯಿಂದ ಶ್ರುತಿ ಏರಿಸಬೇಕು. ಹಾರ್ಮೋನಿಯಂ, ಗಿಟಾರುಗಳನ್ನು ನೆಲಕ್ಕೂ ಗೋಡೆಗೂ ತಾಗಿಸಿ ಇಡಬಾರದು. ಬೂಷ್ಟು ಹಿಡಿಯುವುದಲ್ಲದೆ ಗೆದ್ದಲಿನ ಭಯವೂ ಇದೆ. ನುಡಿಸದೆ ಮುಚ್ಚಿಟ್ಟ ಹಾರ್ಮೋನಿಯಂನ ರೀಡು ಮಳೆಗಾಲದಲ್ಲಿ ಕಿಲುಬು ಹಿಡಿಯುವುದರಿಂದ ದಿನಕ್ಕೆ ಸ್ವಲ್ಪ ಹೊತ್ತಾದರೂ ತಿದಿ ಒತ್ತುವುದು ಉತ್ತಮ. ಚಳಿಗಾಲದಲ್ಲಿ ತಣ್ಣಗಿರುವ ಕೊಳಲು ಶ್ರುತಿಗಿಂತ ಕೆಳಗೆ ನುಡಿಯುತ್ತದೆ. ವೇದಿಕೆಗೆ ಬರುವ ಮೊದಲು ಊದಿ ಬೆಚ್ಚಗಾಗಿಸಿಕೊಳ್ಳಬೇಕು.

ಜಾಗ, ಹೊತ್ತು, ಕ್ರಮ

ಅಭ್ಯಾಸಕ್ಕೆ ಮಳೆಗಾಲ, ಕಾರ್ಯಕ್ರಮಕ್ಕೆ ನವೆಂಬರಿನಿಂದ ಮೇವರೆಗಿನ ತಿಂಗಳುಗಳು ಎಂದು ವರ್ಷವನ್ನು ಹಂಚಿಕೊಳ್ಳುವುದು ಇಲ್ಲಿನ ಹವೆಗೆ ತಕ್ಕದ್ದು. ಮಳೆಗಾಲದಲ್ಲಿ ಹಾಡಲೇಬೇಕಾಗಿ ಬಂದರೆ ಜಿಂಕ್ ಶೀಟಿನ ಮಾಡಿನ ಕಟ್ಟಡವನ್ನು ಒಪ್ಪಿಕೊಳ್ಳಬಾರದು. ಒಂದು ಜಡಿಮಳೆ ಬಂದರೆ ಪಕ್ಕದಲ್ಲಿ ಕುಳಿತವರ ದನಿಯೂ ಕೇಳುವುದಿಲ್ಲ. ಮರದ ಮುಚ್ಚಿಗೆಯಿರುವ ಹಳೆಯ ತೊಟ್ಟಿಮನೆ, ಗ್ರಂಥಾಲಯದ ಕೋಣೆ, ಸಣ್ಣ ಸಭಾಭವನಗಳು ಕಂಠಕ್ಕೆ ಅನುಕೂಲ. ಹೆಗ್ಗೋಡಿನ ನೀನಾಸಂ 1949ರಿಂದ ಬೆಳೆಸಿದ ರಂಗಭೂಮಿಯಿಂದಾಗಿ ಸಾಗರದ ಸುತ್ತ ಮೌನವಾಗಿ ಕೂತು ಕೇಳಬಲ್ಲ ಪ್ರೇಕ್ಷಕರೂ ಇದ್ದಾರೆ. ಕುವೆಂಪು ರಂಗಮಂದಿರದಂಥ ದೊಡ್ಡ ಜಾಗಕ್ಕೆ ಮೈಕಿಲ್ಲದೆ ಹೋಗುವುದು ಸಾಹಸವಾದೀತು. ಹಾಡುವವರ ಬೆನ್ನಿಗೆ ಗೋಡೆಯಿರಬೇಕು, ಕೊನೆಯ ಸಾಲಿನ ಕೇಳುಗರು ಸುಮಾರು 10 ಮೀಟರಿಗಿಂತ ಆಚೆ ಇರಬಾರದು, ವೇದಿಕೆಯ ಮೇಲೆ ದಪ್ಪ ಜಮಖಾನೆ ಹಾಸಿ ದನಿಯನ್ನು ಕುಡಿಸಬಾರದು. ಧ್ವನಿವರ್ಧಕವಿಲ್ಲದ್ದರಿಂದ ಅದರ ಅನುಮತಿಗೆ ಅಲೆಯುವ ಕೆಲಸವೂ ಇಲ್ಲ.

ಒಂದೂಕಾಲು ಗಂಟೆಗೆ ಏಳೆಂಟು ಕವಿತೆ ಸಾಕು. ಮೊದಲನೆಯದು ಕೇಳುಗರಿಗೆ ತಿಳಿಯುವ ಕನ್ನಡದಲ್ಲಿರಲಿ, ಎರಡನೆಯದು ಅವರಿಗೆ ತೀರ ಅಪರಿಚಿತ ಭಾಷೆಯಲ್ಲಿರಲಿ. ಕಿವಿ ಚುರುಕಾಗಿರುವ ಹೊತ್ತಿನಲ್ಲೇ ಕಷ್ಟದ್ದನ್ನು ಕೊಡುವುದು ಜಾಣತನ. ಅರ್ಥವನ್ನು ಹಾಡಿಗೆ ಮೊದಲು ಎರಡು ಮೂರು ವಾಕ್ಯಗಳ ಕನ್ನಡ ಗದ್ಯದಲ್ಲಿ ಹೇಳಬೇಕು. ಸಾಲು ಸಾಲಿಗೂ ನಿಲ್ಲಿಸಿ ಅರ್ಥ ಹೇಳುವ ಪದ್ಧತಿ ಗಮಕದ ವ್ಯಾಖ್ಯಾನಕಾರರಿಗೆ ಒಪ್ಪುತ್ತದೆ, ಅದಕ್ಕೆ ಬೇರೆಯೇ ವಿದ್ವತ್ತು ಬೇಕು. ಹಾಡುವ ತಂಡ ಅದನ್ನು ಅನುಕರಿಸಿದರೆ ಹಾಡೂ ಕೆಡುತ್ತದೆ, ವ್ಯಾಖ್ಯಾನವೂ ಕೆಡುತ್ತದೆ. ನಿರೂಪಣೆಯನ್ನು ಆ ಭಾಷೆಯ ಮನೆಯವರೇ ಮಾಡಿದರೆ ಹೆಚ್ಚು ಸೊಗಸು.

ಹಕ್ಕುಸ್ವಾಮ್ಯ

ಭಾರತದ 1957ರ ಹಕ್ಕುಸ್ವಾಮ್ಯ ಕಾಯ್ದೆಯಂತೆ ಸಾಹಿತ್ಯ ಕೃತಿಯ ಹಕ್ಕು ಕವಿಯ ಜೀವಿತಾವಧಿ ಮತ್ತು ಮರಣದ ಮುಂದಿನ ವರ್ಷದಿಂದ 60 ವರ್ಷಗಳವರೆಗೆ ಉಳಿಯುತ್ತದೆ. ವಚನಗಳು, ಷಟ್ಪದಿ ಕಾವ್ಯಗಳು, ಗಾಲಿಬ್, 1938ರಲ್ಲಿ ತೀರಿಕೊಂಡ ಇಕ್ಬಾಲ್ ಇವರೆಲ್ಲ ಈ ಮಿತಿಯಿಂದ ಹೊರಗಿದ್ದಾರೆ. 1981ರಲ್ಲಿ ತೀರಿಕೊಂಡ ಬೇಂದ್ರೆಯವರ ಕವಿತೆಗಳ ಹಕ್ಕು 2041ರ ಕೊನೆಯವರೆಗೂ, 1994ರಲ್ಲಿ ತೀರಿಕೊಂಡ ಕುವೆಂಪು ಅವರದು 2054ರ ಕೊನೆಯವರೆಗೂ ಇದೆ. ಹವ್ಯಾಸಿ ತಂಡವು ಹಣ ಪಡೆಯದೆ ಕೇಳುಗರೆದುರು ಹಾಡಿದರೆ ಕಾಯ್ದೆಯ 52ನೆಯ ಕಲಮಿನಲ್ಲಿ ವಿನಾಯಿತಿಯಿದೆ. ಟಿಕೆಟ್ ಇಟ್ಟ ಕೂಡಲೇ ಅದು ಅನ್ವಯಿಸುವುದಿಲ್ಲ, ಯೂಟ್ಯೂಬಿಗೆ ಏರಿಸುವುದಕ್ಕೂ ಆ ವಿನಾಯಿತಿಯನ್ನು ನೆಚ್ಚುವಂತಿಲ್ಲ. ಕವಿತೆಯ ಹಕ್ಕು ಮುಗಿದಿದ್ದರೂ ಅದಕ್ಕೆ ಇನ್ನೊಬ್ಬರು ಹಾಕಿದ ರಾಗಸಂಯೋಜನೆ ಅವರದೇ ಆಸ್ತಿಯಾಗಿರಬಹುದು. ಅನುವಾದಕರ ಹಕ್ಕು ಬೇರೆ. ಅನುಮತಿ ಕೇಳುವಾಗ ಬಾಯಿಮಾತಿಗೆ ತೃಪ್ತರಾಗದೆ, ವೇದಿಕೆಯಲ್ಲಿ ಹಾಡುವುದಕ್ಕೆ, ಧ್ವನಿಮುದ್ರಣಕ್ಕೆ, ಅಂತರ್ಜಾಲದಲ್ಲಿ ಹಾಕುವುದಕ್ಕೆ ಎಂದು ಮೂರನ್ನೂ ಬಿಡಿಬಿಡಿಯಾಗಿ ನಮೂದಿಸಿದ ಪತ್ರವನ್ನು ಬರೆಸಿಕೊಂಡು, ಸಾಹಿತ್ಯದ ಪ್ರತಿಯ ಜೊತೆಗೇ ಅದನ್ನು ಕಡತದಲ್ಲಿ ಸೇರಿಸಿಡಬೇಕು.